ಸಮನ್ಸ್‌ನಲ್ಲಿ ಹೆಸರು ತಪ್ಪಾಗಿದೆಯಾ? ‘ಇದು ನಂದಲ್ಲ’ ಅಂತ ವಾಪಸ್ ಕಳಿಸುವ ಮುನ್ನ ಇದನ್ನು ಓದಿ

ಶಿವಮೊಗ್ಗ: ಕೋರ್ಟ್‌ನಿಂದ ಸಮನ್ಸ್ ಬಂದಿದೆ. ವಿಳಾಸ ನಿಮ್ಮದೇ, ತಂದೆ ಹೆಸರೂ ಸರಿಯಿದೆ. ಆದರೆ ‘ಮಂಜುನಾಥ’ ಅಂತ ಇರಬೇಕಾದ ಕಡೆ ‘ಮಂಜಪ್ಪ’ ಅಂತಿದೆ. ‘ಹೆಸರೇ ತಪ್ಪು, ನಾವ್ಯಾಕೆ ಹೋಗ್ಬೇಕು?’ ಅಂತ ಸುಮ್ಮನಿದ್ದು ಬಿಡುವವರು ತುಂಬಾ ಜನ. ಹೀಗೆ ಸುಮ್ಮನಿದ್ದರೆ ಜಮೀನು, ಮನೆ ಅಥವಾ ಹಣದ ವಿಚಾರದಲ್ಲಿ ನಿಮ್ಮ ಮಾತು ಕೇಳದೆಯೇ ತೀರ್ಪು ಬರಬಹುದು.

ಹೆಸರು ಯಾಕೆ ತಪ್ಪಾಗುತ್ತೆ?

ಕೇಸ್ ಹಾಕಿದವರು ದಾವೆಯಲ್ಲಿ ಕೊಟ್ಟ ಹೆಸರನ್ನೇ ಕೋರ್ಟ್ ಕಚೇರಿ ಸಮನ್ಸ್‌ನಲ್ಲಿ ಬರೆಯುತ್ತೆ. ಅದನ್ನು ಆಧಾರ್ ಜೊತೆ ತಾಳೆ ನೋಡುವ ಪದ್ಧತಿ ಇಲ್ಲ. ನಮ್ಮ ಕಡೆ ಒಬ್ಬರಿಗೇ ಎರಡು ಮೂರು ಹೆಸರು ಇರೋದು ಮಾಮೂಲು. ಮನೆಯಲ್ಲಿ ಒಂದು, ಶಾಲೆ ದಾಖಲೆಯಲ್ಲಿ ಇನ್ನೊಂದು, ಪಹಣಿಯಲ್ಲಿ ಮತ್ತೊಂದು. ಮದುವೆಯಾದ ಮೇಲೆ ಹೆಣ್ಣುಮಕ್ಕಳ ಹೆಸರು ‘ಬಿನ್’ನಿಂದ ‘ಕೋಂ’ಗೆ ಬದಲಾಗುತ್ತೆ, ಇನಿಷಿಯಲ್ ಕೂಡ ಬದಲಾಗಬಹುದು. ಹಳೇ ಪತ್ರ ಇಟ್ಟುಕೊಂಡು ದಾವೆ ಹಾಕಿದರೆ ಹಳೇ ಹೆಸರಿಗೇ ಸಮನ್ಸ್ ಬರುತ್ತೆ.

ಮೊದಲು ಏನು ನೋಡಬೇಕು?

ಹೆಸರು ಬಿಟ್ಟು ಉಳಿದದ್ದನ್ನು ಪೂರ್ತಿ ಓದಿ. ಯಾವ ಕೋರ್ಟ್, ಕೇಸ್ ನಂಬರ್ ಎಷ್ಟು, ಹಾಜರಾಗಬೇಕಾದ ದಿನ ಯಾವುದು, ಕೇಸ್ ಹಾಕಿದವರು ಯಾರು ಅಂತ ಗುರುತು ಮಾಡ್ಕೊಳ್ಳಿ. ಸಿವಿಲ್ ದಾವೆಯಾದರೆ ಸಮನ್ಸ್ ಜೊತೆ ದಾವೆಯ ಪ್ರತಿಯೂ ಇರಬೇಕು. ಅದರಲ್ಲಿರುವ ಸರ್ವೆ ನಂಬರ್, ಚೆಕ್, ಸಾಲ ನಿಮಗೆ ಸಂಬಂಧಪಟ್ಟಿದ್ದಾ ನೋಡಿ.

ಇ-ಕೋರ್ಟ್ಸ್ ವೆಬ್‌ಸೈಟ್ ಅಥವಾ ಆ್ಯಪ್‌ನಲ್ಲಿ ಕೇಸ್ ನಂಬರ್ ಅಥವಾ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಹಾಕಿದರೆ ವಿವರ ಸಿಗುತ್ತೆ. ವಾಟ್ಸಾಪ್‌ನಲ್ಲಿ ಬಂದ ‘ಸಮನ್ಸ್’ ಆಗಿದ್ದರೆ ಈ ಪರಿಶೀಲನೆ ಮಾಡಲೇಬೇಕು. ಫೋನ್ ಮಾಡಿ, ಕೇಸ್ ಮುಗಿಸೋಕೆ ದುಡ್ಡು ಹಾಕಿ ಅಂತ ಯಾವ ಕೋರ್ಟೂ ಕೇಳಲ್ಲ.

ಸಮನ್ಸ್ ಮೇಲೆ ಪೆನ್ನಿನಿಂದ ಹೆಸರು ತಿದ್ದಬೇಡಿ. ಹೇಗೆ ಬಂದಿದೆಯೋ ಹಾಗೇ ಇಟ್ಟುಕೊಳ್ಳಿ.

ಹೆಸರು ತಪ್ಪು, ಆದರೆ ಕೇಸ್ ನಿಮ್ಮದೇ ಆಗಿದ್ದರೆ

ಹೇಳಿದ ದಿನ ಹಾಜರಾಗಲೇಬೇಕು. ವಕೀಲರ ಮೂಲಕ ಹೋದರೆ ವಕಾಲತ್ತಿನಲ್ಲಿ ‘ಸಮನ್ಸ್‌ನಲ್ಲಿ ಇಂಥ ಹೆಸರು ತಪ್ಪಾಗಿ ನಮೂದಾಗಿದೆ, ಸರಿಯಾದ ಹೆಸರು ಇದು’ ಅಂತ ಬರೆಸಿ. ಆಧಾರ್, ವೋಟರ್ ಐಡಿ, ಪಹಣಿ ಪ್ರತಿಗಳನ್ನು ಜೊತೆಗಿಡಿ. ಸಾಮಾನ್ಯವಾಗಿ ದಾವೆ ಹಾಕಿದವರೇ ತಿದ್ದುಪಡಿ ಅರ್ಜಿ ಕೊಟ್ಟು ಹೆಸರು ಸರಿಮಾಡಿಸ್ತಾರೆ. ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಇದಕ್ಕೆ ಅವಕಾಶ ಇದೆ.

ಹೆಸರು ತಪ್ಪಾಗಿದೆ ಅನ್ನೋ ಒಂದೇ ಕಾರಣಕ್ಕೆ ಕೇಸ್ ವಜಾ ಆಗುತ್ತೆ ಅಂತ ಕಾಯಬೇಡಿ. ಸಮನ್ಸ್ ಸಿಕ್ಕ ದಿನದಿಂದ 30 ದಿನದೊಳಗೆ ಲಿಖಿತ ಹೇಳಿಕೆ ಸಲ್ಲಿಸಬೇಕು. ಕಾರಣ ಕೊಟ್ಟರೆ ಕೋರ್ಟ್ 90 ದಿನದವರೆಗೆ ಸಮಯ ಕೊಡಬಹುದು. ಹೆಸರು ಸರಿಯಾಗಲಿ, ಆಮೇಲೆ ಉತ್ತರ ಕೊಡೋಣ ಅಂತ ಕೂತರೆ ಈ ಗಡುವು ಕೈ ತಪ್ಪಿ ಹೋಗಬಹುದು.

ಹೆಸರು ಸರಿಪಡಿಸಿಕೊಳ್ಳೋದು ನಿಮಗೂ ಒಳ್ಳೇದು. ಕೇಸ್ ಗೆದ್ದರೂ ಡಿಕ್ರಿ ತಪ್ಪು ಹೆಸರಿನಲ್ಲಿದ್ದರೆ ನಾಳೆ ಖಾತೆ ಬದಲಾವಣೆಗೆ, ಬ್ಯಾಂಕ್ ಸಾಲಕ್ಕೆ ಮತ್ತೆ ಓಡಾಡಬೇಕಾಗುತ್ತೆ.

ಕೇಸೇ ಬೇರೆಯವರದ್ದಾಗಿದ್ದರೆ

ಒಂದೇ ಊರಲ್ಲಿ ಒಂದೇ ಹೆಸರಿನವರು ಇಬ್ಬರಿದ್ದರೆ ಹೀಗಾಗುತ್ತೆ. ಅಮೀನರು ಬಂದಾಗಲೇ ‘ಈ ಹೆಸರಿನವರು ನಾನಲ್ಲ’ ಅಂತ ಹೇಳಿ, ನಿಮ್ಮ ಗುರುತಿನ ಚೀಟಿ ತೋರಿಸಿ, ಆ ಪ್ರಕಾರ ಷರಾ ಬರೆಯಲು ಕೇಳಿ. ಬೇರೆಯವರ ಪರವಾಗಿ ಸಹಿ ಹಾಕಬೇಡಿ.

ಸಮನ್ಸ್ ಆಗಲೇ ತಗೊಂಡಿದ್ದರೆ ಅದನ್ನು ಒಲೆಗೆ ಹಾಕಬೇಡಿ. ಹೇಳಿದ ದಿನ ಕೋರ್ಟ್‌ಗೆ ಹೋಗಿ, ತಂದೆ ಹೆಸರು, ವಯಸ್ಸು, ವಿಳಾಸ ಬೇರೆ ಅನ್ನೋದಕ್ಕೆ ದಾಖಲೆ ಲಗತ್ತಿಸಿ ಮೆಮೊ ಕೊಡಿ. ಕೋರ್ಟ್‌ಗೆ ಅದು ಸರಿ ಅನಿಸಿದರೆ ನಿಜವಾದ ವ್ಯಕ್ತಿಗೆ ಹೊಸದಾಗಿ ಸಮನ್ಸ್ ಹೊರಡಿಸಲು ಹೇಳುತ್ತೆ. ದಾವೆಯಲ್ಲೇ ನಿಮ್ಮನ್ನು ತಪ್ಪಾಗಿ ಪ್ರತಿವಾದಿ ಮಾಡಿದ್ದರೆ, ನಿಮ್ಮ ಹೆಸರು ಕೈಬಿಡುವಂತೆ ಅರ್ಜಿ ಹಾಕಬಹುದು.

ತಗೊಳ್ಳದೇ ಇದ್ದರೆ ಏನಾಗುತ್ತೆ?

ಸಮನ್ಸ್ ನಿರಾಕರಿಸಿದರೆ ಅಮೀನರು ಮನೆ ಬಾಗಿಲಿಗೆ ಅಂಟಿಸಿ ವರದಿ ಕೊಡಬಹುದು. ಅಂಚೆಯಲ್ಲಿ ಬಂದದ್ದನ್ನು ‘ಬೇಡ’ ಅಂದರೂ ಕೋರ್ಟ್ ಅದನ್ನು ಜಾರಿಯಾಗಿದೆ ಅಂತ ಪರಿಗಣಿಸಬಹುದು. ಆಮೇಲೆ ಪ್ರತಿವಾದಿ ಬರದಿದ್ದರೆ ‘ಎಕ್ಸ್‌ಪಾರ್ಟೆ’, ಅಂದರೆ ಏಕಪಕ್ಷೀಯವಾಗಿ ಕೇಸ್ ಮುಂದುವರಿಯುತ್ತೆ.

ಚೆಕ್ ಬೌನ್ಸ್‌ನಂತಹ ಕ್ರಿಮಿನಲ್ ಕೇಸ್‌ಗಳಲ್ಲಿ ಇನ್ನೂ ಕಷ್ಟ. ಗೈರಾದರೆ ವಾರಂಟ್ ಬರಬಹುದು, ಪೊಲೀಸರು ಮನೆಗೆ ಬರಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಪ್ರಕಾರ, ಸಂಬಂಧಪಟ್ಟವರು ಮನೆಯಲ್ಲಿ ಸಿಗದಿದ್ದರೆ ಕುಟುಂಬದ ವಯಸ್ಕ ಮಹಿಳೆಯರ ಕೈಗೂ ಸಮನ್ಸ್ ಕೊಡಬಹುದು. ಮೊದಲು ಪುರುಷ ಸದಸ್ಯರಿಗೆ ಮಾತ್ರ ಕೊಡುವ ನಿಯಮ ಇತ್ತು. ಹಾಗಾಗಿ ಇಂಥ ಕಾಗದ ಬಂದರೆ ತಕ್ಷಣ ತಿಳಿಸಬೇಕು ಅಂತ ಮನೆಯವರಿಗೆಲ್ಲ ಹೇಳಿಟ್ಟಿರಿ.

ಆಗಲೇ ತೀರ್ಪು ಬಂದಿದ್ದರೆ

ಸಿವಿಲ್ ಕೇಸ್‌ನಲ್ಲಿ ಏಕಪಕ್ಷೀಯ ಡಿಕ್ರಿ ರದ್ದು ಮಾಡಿ ಅಂತ ಅದೇ ಕೋರ್ಟ್‌ಗೆ ಅರ್ಜಿ ಹಾಕಬಹುದು. ಗಡುವು ಡಿಕ್ರಿಯಾದ ದಿನದಿಂದ 30 ದಿನ. ಸಮನ್ಸ್ ಸರಿಯಾಗಿ ಜಾರಿಯಾಗಿರದಿದ್ದರೆ, ಡಿಕ್ರಿ ವಿಷಯ ನಿಮಗೆ ಗೊತ್ತಾದ ದಿನದಿಂದ 30 ದಿನ.

ಆದರೆ ಕಾನೂನು ಇಲ್ಲೊಂದು ಷರತ್ತು ಇಟ್ಟಿದೆ. ವಿಚಾರಣೆ ದಿನ ನಿಮಗೆ ಗೊತ್ತಿತ್ತು, ಹಾಜರಾಗಲು ಸಮಯವೂ ಇತ್ತು ಅಂತ ಕೋರ್ಟ್‌ಗೆ ಮನವರಿಕೆಯಾದರೆ, ಸಮನ್ಸ್ ಜಾರಿಯಲ್ಲಿ ಲೋಪ ಇತ್ತು ಅನ್ನೋ ಒಂದೇ ಕಾರಣಕ್ಕೆ ಡಿಕ್ರಿ ರದ್ದಾಗಲ್ಲ. ‘ಹೆಸರು ತಪ್ಪಿತ್ತು, ಅದಕ್ಕೇ ಬರಲಿಲ್ಲ’ ಅನ್ನೋ ವಾದ ಬಹುತೇಕ ಇಲ್ಲೇ ಬಿದ್ದು ಹೋಗುತ್ತೆ.

ವಕೀಲರಿಗೆ ಕೊಡಲು ಹಣ ಇಲ್ಲದಿದ್ದರೆ

ಶಿವಮೊಗ್ಗದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ, ತಾಲ್ಲೂಕು ಕೋರ್ಟ್‌ಗಳಲ್ಲಿ ತಾಲ್ಲೂಕು ಕಾನೂನು ಸೇವೆಗಳ ಸಮಿತಿ ಇದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ನಿಗದಿತ ಮಿತಿಗಿಂತ ಕಡಿಮೆ ಆದಾಯ ಇರುವವರಿಗೆ ಉಚಿತವಾಗಿ ವಕೀಲರ ನೆರವು ಸಿಗುತ್ತೆ. ಮಹಿಳೆಯರಿಗೆ ಆದಾಯ ಮಿತಿ ಇಲ್ಲ. ಸಹಾಯವಾಣಿ ಸಂಖ್ಯೆ 15100. ಸಮನ್ಸ್, ದಾವೆ ಪ್ರತಿ ಮತ್ತು ಗುರುತಿನ ದಾಖಲೆ ತಗೊಂಡು, ಹಾಜರಿ ದಿನಕ್ಕಿಂತ ಕನಿಷ್ಠ ಒಂದು ವಾರ ಮೊದಲೇ ಹೋಗಿ.