ಮುಗಿಯುವ ಆಟ, ಮುಗಿಯದ ಪರದೆ

ಮೊಬೈಲ್, ಟ್ಯಾಬ್, ಟಿ.ವಿ., ಕಂಪ್ಯೂಟರುಗಳ ಮುಂದೆ ಕಳೆಯುವ ಹೊತ್ತನ್ನೆಲ್ಲ ಒಟ್ಟುಗೂಡಿಸಿ ‘ಸ್ಕ್ರೀನ್ ಟೈಮ್’ ಎಂದು ಕರೆಯುವ ರೂಢಿಯಿದ್ದು, ಮಕ್ಕಳ ವಿಷಯ ಬಂದಾಗ ಅದನ್ನು ಗಂಟೆಗಳಲ್ಲಿ ಅಳೆಯುವುದೇ ವಾಡಿಕೆಯಾಗಿದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯು ವರ್ಷ ತುಂಬದ ಕೂಸಿಗೆ ಪರದೆಯೇ ಬೇಡವೆಂದೂ, ಎರಡರಿಂದ ನಾಲ್ಕು ವರ್ಷದವರಿಗೆ ಅದು ದಿನಕ್ಕೆ 1 ಗಂಟೆ ಮೀರಬಾರದೆಂದೂ ಹೇಳುತ್ತದೆ. ಭಾರತೀಯ ಮಕ್ಕಳ ತಜ್ಞರ ಸಂಘಟನೆಯಾದ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, ಎರಡು ವರ್ಷದೊಳಗಿನ ಮಕ್ಕಳಿಗೆ ದೂರದ ಬಂಧುಗಳೊಡನೆ ಆಗೊಮ್ಮೆ ಈಗೊಮ್ಮೆ ನಡೆಯುವ ವಿಡಿಯೊ ಕರೆಯನ್ನು ಬಿಟ್ಟು ಉಳಿದುದೆಲ್ಲವನ್ನೂ ನಿರಾಕರಿಸುತ್ತದೆ. ಈ ಅಂಕಿಗಳು ಉಪಯುಕ್ತವೇ. ಆದರೆ ವಾರಕ್ಕೊಂದು ದಿನ ಪರದೆಯನ್ನು ಪೂರ್ತಿ ಬದಿಗಿಡಲು ಹೊರಟ ಮನೆಗೆ ಗಂಟೆಯ ಲೆಕ್ಕಕ್ಕಿಂತ ಬೇರೊಂದು ಸಂಗತಿ ಮುಖ್ಯವಾಗುತ್ತದೆ. ಅದೆಂದರೆ, ಇಂದಿನ ಪರದೆಗೆ ಕೊನೆಯೆಂಬುದೇ ಇಲ್ಲ.

ದೂರದರ್ಶನವೊಂದೇ ಇದ್ದ ಕಾಲದಲ್ಲಿ ಭಾನುವಾರದ ಸಿನಿಮಾ ಮುಗಿದರೆ ಮಕ್ಕಳು ತಾವಾಗಿಯೇ ಎದ್ದು ಹೋಗುತ್ತಿದ್ದರು, ಏಕೆಂದರೆ ನೋಡಲು ಬೇರೇನೂ ಉಳಿದಿರುತ್ತಿರಲಿಲ್ಲ. ಈಗಿನ ವಿಡಿಯೊ ಆ್ಯಪ್‌ಗಳಲ್ಲಿರುವ ‘ಆಟೊಪ್ಲೇ’, ಅಂದರೆ ಒಂದು ದೃಶ್ಯ ಮುಗಿಯುತ್ತಿದ್ದಂತೆ ಇನ್ನೊಂದು ತಾನಾಗಿಯೇ ಶುರುವಾಗುವ ವ್ಯವಸ್ಥೆ, ಆ ಕೊನೆಯನ್ನೇ ಅಳಿಸಿಹಾಕಿದೆ. ಹೀಗಾಗಿ ತಾಯಿಯೋ ಅಜ್ಜನೋ ಯಾವ ಗಳಿಗೆಯಲ್ಲಿ ಫೋನ್ ತೆಗೆದುಕೊಂಡರೂ ಮಗುವಿನ ಪಾಲಿಗೆ ಅದು ನಡುವೆ ಕಿತ್ತುಕೊಂಡಂತೆಯೇ ಸರಿ; ಹಟವೆಂದು ದೊಡ್ಡವರು ಹೆಸರಿಡುವ ಅಳುವಿನಲ್ಲಿ ಈ ಅರ್ಧಕ್ಕೇ ನಿಂತ ಸಂಕಟದ ಪಾಲೂ ಇದೆ.

ಪರದೆಯಿಲ್ಲದ ದಿನದ ಮೊದಲೆರಡು ಗಂಟೆ ಕಷ್ಟದ್ದೇ. ‘ಬೋರು’ ಎಂಬ ಒಂದೇ ಪದ ಮನೆ ತುಂಬ ಸುಳಿಯುತ್ತಿರುತ್ತದೆ. ಆ ಹೊತ್ತನ್ನು ಚಿತ್ರಕಲೆ, ಯೋಗ, ಕ್ವಿಜ್ ಎಂದು ತುಂಬಿಸಿಬಿಡುವ ಉತ್ಸಾಹ ಅನೇಕ ಪೋಷಕರಿಗಿರುತ್ತದಾದರೂ, ವೇಳಾಪಟ್ಟಿ ಹಾಕಿಕೊಂಡ ಭಾನುವಾರ ಮತ್ತೊಂದು ಶಾಲೆಯಾಗುವ ಅಪಾಯವಿದೆ. ಅದಕ್ಕಿಂತ ಮನೆಯಲ್ಲಿ ಹೇಗೂ ಆಗಬೇಕಾದ ಕೆಲಸದಲ್ಲಿ ಮಕ್ಕಳಿಗೂ ಪಾಲು ಕೊಡುವುದು ಮೇಲು. ಅವರೆಯ ಕಾಲದಲ್ಲಿ, ಅಂದರೆ ಡಿಸೆಂಬರ್, ಜನವರಿಯ ಚಳಿಯಲ್ಲಿ, ಹಳೆ ಮೈಸೂರು ಕಡೆಯ ಮನೆಗಳಿಗೆ ಇದಕ್ಕಿಂತ ಒಳ್ಳೆಯ ನೆಪ ಬೇಕಿಲ್ಲ. ಸುಲಿದು ನೀರಲ್ಲಿ ನೆನೆಸಿದ ಕಾಳನ್ನು ಹೆಬ್ಬೆರಳು, ತೋರುಬೆರಳುಗಳ ನಡುವೆ ಹಿಡಿದು ಹಿತುಕಿದರೆ ಬೇಳೆ ಪುಳಕ್ಕನೆ ಹಾರಿ ಸಿಪ್ಪೆ ಬೆರಳಲ್ಲಿ ಉಳಿಯುತ್ತದೆ. ಆರು ವರ್ಷದ ಮಗುವಿಗೂ ಈ ವಿದ್ಯೆ ಹತ್ತು ನಿಮಿಷದಲ್ಲಿ ಕೈಗೂಡುತ್ತದೆ, ಬೇಳೆ ಪಾತ್ರೆಗೆ ಬೀಳುವುದರ ಬದಲು ಅಣ್ಣನ ಮುಖಕ್ಕೆ ಸಿಡಿಯುವುದೂ ಆಗ ವಿದ್ಯೆಯ ಭಾಗವೇ ಆಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಕಾಳಿನ ರಾಶಿ ಕಣ್ಣೆದುರಿಗೇ ಕರಗುತ್ತ ಬಂದು ಒಂದು ಹೊತ್ತಿಗೆ ಮುಗಿಯುತ್ತದೆ.

ಆಟಗಳಲ್ಲಿಯೂ ಇದೇ ಗುಣವನ್ನು ಹುಡುಕಬೇಕು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಮಣೆಯಾಟಗಳ ಮೇಲಿನ ಪ್ರೀತಿಯಿಂದ ತಾವೇ ಹಲವು ಹೊಸ ಆಟಗಳನ್ನು ಕಟ್ಟಿದರು. ಅವರ ಹೆಸರಿನಲ್ಲಿರುವ ‘ಶ್ರೀತತ್ತ್ವನಿಧಿ’ಯ ಒಂಬತ್ತು ಭಾಗಗಳಲ್ಲೊಂದಾದ ‘ಕೌತುಕನಿಧಿ’ಯಲ್ಲಿ ಆಟಗಳಿಗೂ ಜಾಗವಿದೆ. ಮನೆಮಟ್ಟಿಗೆ ಅಷ್ಟು ವೈಭವ ಬೇಕಿಲ್ಲ, ಚೌಕಾಬಾರ ಸಾಕು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಅಡ್ಡಡ್ಡ ಐದು, ಉದ್ದುದ್ದ ಐದು, ಹೀಗೆ 25 ಮನೆ ಬರೆದು, ಕವಡೆ ಇಲ್ಲದಿದ್ದರೆ ನಾಲ್ಕು ಹುಣಸೆಬೀಜಗಳನ್ನು ಅಂಗಳದ ಒರಟು ಕಲ್ಲಿಗೆ ಒಂದು ಮಗ್ಗುಲು ಬಿಳುಪಾಗುವವರೆಗೆ ತೇದುಕೊಂಡರೆ ಆಟದ ಸರಂಜಾಮು ಮುಗಿಯಿತು. ತೇಯುವಾಗ ಬೀಜ ಬಿಸಿಯಾಗಿ ಬೆರಳು ಚುರುಗುಟ್ಟುವುದನ್ನು ಕಂಡು ಮಕ್ಕಳು ಮೊದಲು ಬೆರಗಾಗಿ, ಮರುಗಳಿಗೆ ಆ ಬಿಸಿಬೀಜವನ್ನು ಪಕ್ಕದವರ ತೋಳಿಗೆ ತಾಗಿಸುತ್ತಾರೆ. ಬೀಜ ಚೆಲ್ಲಿದಾಗ ಬೀಳುವ ಎಣಿಕೆಗೆ ‘ಗರ’ ಎಂದು ಹೆಸರು. ಬಿಳಿ ಮಗ್ಗುಲು ಎಷ್ಟು ಮೇಲಾಗಿ ಬಿದ್ದಿದೆಯೋ ಅಷ್ಟು ಮನೆ ನಡೆ. ನಾಲ್ಕೂ ಬಿಳಿಯಾದರೆ ನಾಲ್ಕು, ನಾಲ್ಕೂ ಕಪ್ಪಾದರೆ ಎಂಟು, ಇವೆರಡಕ್ಕೂ ಮತ್ತೊಂದು ಗರದ ಹಕ್ಕು. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲವೆಂಬ ನಿಯಮದ ಮೇಲೆ ಜಗಳ ಆಗಿಯೇ ಆಗುತ್ತದೆ, ಆ ಜಗಳವನ್ನು ಆಡುವವರೇ ಬಗೆಹರಿಸಿಕೊಳ್ಳಬೇಕು.

ಇಷ್ಟೆಲ್ಲ ಸರಿ, ದೊಡ್ಡವರ ಫೋನ್ ಎಲ್ಲಿರಬೇಕೆಂಬುದು ಬಿಕ್ಕಟ್ಟಿನ ಪ್ರಶ್ನೆ. ಶಾಲೆಯ ಹೋಂವರ್ಕು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರುತ್ತದೆ, ಹಾಲಿನವನಿಗೆ ದುಡ್ಡು ಯುಪಿಐನಲ್ಲಿ ಹೋಗುತ್ತದೆ. ಅದನ್ನು ನೋಡುವ ನೆಪದಲ್ಲಿ ಅಪ್ಪನ ಹೆಬ್ಬೆರಳು ರೀಲ್ಸ್‌ಗೆ ಜಾರುವುದನ್ನು ಮಕ್ಕಳ ಕಣ್ಣು ಬಿಡುವುದಿಲ್ಲ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿ 2022ರ ಆಗಸ್ಟಿನಿಂದ ಸಂಜೆ 7ಕ್ಕೆ ಸೈರನ್ ಊದಿ, ಒಂದೂವರೆ ಗಂಟೆ ಊರಿನ ಟಿ.ವಿ., ಮೊಬೈಲುಗಳನ್ನು ಆರಿಸುವ ಕಟ್ಟಳೆ ಮಾಡಿಕೊಂಡಿತು. ಅಲ್ಲಿ ಗಮನಿಸಬೇಕಾದುದು ಸೈರನ್ ಅಲ್ಲ, ಅದು ಮಕ್ಕಳಿಗಷ್ಟೇ ಅಲ್ಲದೆ ಮನೆಮಂದಿಗೆಲ್ಲ ಅನ್ವಯಿಸಿತೆಂಬುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ತಂತ್ರಜ್ಞಾನದ ಅತಿಬಳಕೆಗೆಂದೇ 2014ರಲ್ಲಿ ‘ಶಟ್’ ಎಂಬ ಪ್ರತ್ಯೇಕ ಕ್ಲಿನಿಕ್ ತೆರೆಯಬೇಕಾಗಿ ಬಂದ ಕಾಲದಲ್ಲಿ ಫೋನನ್ನು ದೇವರ ಗೂಡಿನ ಪಕ್ಕದ ಕಪಾಟಿಗೆ ಸೇರಿಸಿ, ಗಂಟೆಯ ಸದ್ದು ಮಾತ್ರ ಕೇಳುವಂತಿಟ್ಟು, ಕರೆ ಬಂದರೆ ಅಲ್ಲಿಯೇ ನಿಂತು ಮಾತಾಡಿ ಬರುವ ಕ್ರಮ ಅತಿರೇಕವೆನಿಸದು. ನಿಂತು ಆಡುವ ಮಾತು ಬೇಗ ಮುಗಿಯುತ್ತದೆ.

ಚೌಕಾಬಾರದಲ್ಲಿ ನಡುಮನೆ ಸೇರಿದ ಕಾಯಿಯನ್ನು ‘ಹಣ್ಣು’ ಎನ್ನುತ್ತಾರೆ. ಸಂಜೆಯ ಹೊತ್ತಿಗೆ ಮೂರು ಕಾಯಿ ಹಣ್ಣಾಗಿ, ನಾಲ್ಕನೆಯದು ನಡುಮನೆಯ ಅಂಚಿನಲ್ಲಿ ಒಂದೇ ಒಂದು ಗರಕ್ಕಾಗಿ ಕಾದು ನಿಂತಿರುವಾಗ, ಬೇಡದ ಎಂಟು ಬಿದ್ದು, ಅದರ ಹಿಂದೆ ಮೂರು ಬಿದ್ದು, ಎದುರಿನವರು ನಕ್ಕು, ಕೊನೆಗೊಮ್ಮೆ ಒಂದೇ ಬಿಳಿ ಮೇಲಾಗಿ ಬೀಳುತ್ತದೆ. ಬೀಜಗಳು ಡಬ್ಬಿ ಸೇರುತ್ತವೆ, ಮಕ್ಕಳು ಮೊಣಕಾಲಿಗಂಟಿದ ಸೀಮೆಸುಣ್ಣ ಒರೆಸಿಕೊಳ್ಳುತ್ತ ಹಿತುಕಿದ ಬೇಳೆ ಸಾರಿನ ಊಟಕ್ಕೆ ಏಳುತ್ತಾರೆ.