ಕಾರ್ಡಿನ ದರ್ಜೆ, ನೋಟ್‌ಬುಕ್ಕಿನ ದರ್ಜೆ

ಬೋಧನಾಭ್ಯಾಸಕ್ಕೆಂದು ರಾಯಚೂರು ನಗರ, ದೇವದುರ್ಗ, ಮಾನ್ವಿಯ ಶಾಲೆಗಳಿಗೆ ಹೋಗುವ ಪ್ರಶಿಕ್ಷಣಾರ್ಥಿಗಳಿಗೆ ಮಕ್ಕಳ ಕಂಪಾಸ್ ಪೆಟ್ಟಿಗೆಯಲ್ಲಿ ಕ್ರಿಕೆಟ್ ಆಟಗಾರರ, ಕುಸ್ತಿಪಟುಗಳ, ಪೋಕೆಮಾನ್‌ನ ಕಾರ್ಡುಗಳು ಸಿಗುವುದುಂಟು. ಪಾಠಕ್ಕೆ ಅಡ್ಡಿಯೆಂದು ಅವನ್ನು ಕಸಿದಿಡುತ್ತೇವೆ. ಆದರೆ ಅವುಗಳಿಂದಲೇ ಮಕ್ಕಳಿಗೆ ಅನುಪಾತವನ್ನು ಕಲಿಸಬಹುದು, ನಾವು ಮೌಲ್ಯಮಾಪನವನ್ನು ಕಲಿಯಬಹುದು.

ದರ್ಜೆ ನೀಡುವ ಕ್ರಮ

ಸಂಗ್ರಹಕಾರರ ಲೋಕದಲ್ಲಿ ಕಾರ್ಡು ಎಷ್ಟು ಅಪರೂಪ ಎಂಬುದರ ಜೊತೆಗೆ, ಎಷ್ಟು ಕೆಡದೆ ಉಳಿದಿದೆ ಎಂಬುದೂ ಬೆಲೆಯನ್ನು ನಿರ್ಧರಿಸುತ್ತದೆ. ಮಾರುವವರ ‘ಹೊಸದರಂತೆಯೇ ಇದೆ’ ಎಂಬ ಮಾತು ಸಾಲದು. ಆದ್ದರಿಂದ ಮೂರನೆಯವರು ಪರೀಕ್ಷಿಸುವ ಪದ್ಧತಿ ಬಂತು. ಅಮೆರಿಕದ ಪಿಎಸ್‌ಎ ಸಂಸ್ಥೆ 1991ರಲ್ಲಿ ಈ ಕೆಲಸ ಆರಂಭಿಸಿತು. ಕಾರ್ಡು ಅಸಲಿಯೇ, ಅಂಚು ಕತ್ತರಿಸಿ ತಿದ್ದಲಾಗಿದೆಯೇ ಎಂದು ನೋಡಿ, 1ರಿಂದ 10ರವರೆಗಿನ ದರ್ಜೆ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚುತ್ತಾರೆ.

ಮುಖ್ಯವಾಗಿ ನೋಡುವ ಅಂಶಗಳು ನಾಲ್ಕು:

1. ಚಿತ್ರ ನಡುವೆ ಕೂತಿದೆಯೇ, ಸುತ್ತಲಿನ ಬಿಳಿ ಪಟ್ಟಿ ಸಮವಾಗಿದೆಯೇ?
2. ಮೂಲೆಗಳು ಚೂಪಾಗಿವೆಯೇ, ಸವೆದಿವೆಯೇ?
3. ಅಂಚುಗಳಲ್ಲಿ ಬಣ್ಣ ಕಿತ್ತಿದೆಯೇ?
4. ಮೇಲ್ಮೈಯಲ್ಲಿ ಗೀರು, ಕಲೆ, ಮಡಿಕೆಗಳಿವೆಯೇ?

ಮೊದಲ ಅಂಶವನ್ನು ಮಕ್ಕಳು ಅಳತೆಪಟ್ಟಿಯಿಂದಲೇ ಅಳೆಯಬಹುದು. ಎಡಪಟ್ಟಿ 4 ಮಿ.ಮೀ., ಬಲಪಟ್ಟಿ 2 ಮಿ.ಮೀ. ಇದ್ದರೆ ಒಟ್ಟು 6. ಶೇಕಡಾದಲ್ಲಿ ಸುಮಾರು 67–33. ಪಿಎಸ್‌ಎ 10 ಕೊಡಬೇಕಾದರೆ ಮುಂಬದಿಯಲ್ಲಿ ಇದು ಸುಮಾರು 55–45ರೊಳಗೆ ಇರಬೇಕು. ಅಂದರೆ ಅಂಗಡಿಯಿಂದ ಆಗಷ್ಟೇ ತಂದ ಕಾರ್ಡಿಗೂ ಪೂರ್ಣ ದರ್ಜೆ ಸಿಗದಿರಬಹುದು.

ಬೆಕೆಟ್ ಎಂಬ ಇನ್ನೊಂದು ಸಂಸ್ಥೆ ನಾಲ್ಕೂ ಅಂಶಗಳಿಗೆ ಬೇರೆ ಬೇರೆ ದರ್ಜೆ ಕೊಟ್ಟು ಕವಚದ ಮೇಲೆಯೇ ಮುದ್ರಿಸುತ್ತದೆ. ಅಂತಿಮ ದರ್ಜೆ ನಾಲ್ಕರ ಸರಳ ಸರಾಸರಿಯಲ್ಲ. ಅತಿ ದುರ್ಬಲ ಅಂಶ ಅದನ್ನು ಕೆಳಗೆಳೆಯುತ್ತದೆ. ನಮ್ಮ ಭಾಗದ ಮಕ್ಕಳಿಗೆ ಇದು ಹೊಸದಲ್ಲ. ಬೆಂಬಲ ಬೆಲೆಯ ಹತ್ತಿ ಖರೀದಿಯಲ್ಲಿ ತೇವಾಂಶ ಶೇ. 8 ದಾಟಿದರೆ ಬೆಲೆ ಕಡಿತ, ಶೇ. 12 ದಾಟಿದರೆ ಎಳೆ ಎಷ್ಟೇ ಉದ್ದವಿದ್ದರೂ ಖರೀದಿಯಿಲ್ಲ.

ತರಗತಿಯಲ್ಲಿ

ಪ್ರತಿ ಗುಂಪಿಗೆ ಐದು ಕಾರ್ಡು ಕೊಡಿ. ಕಾರ್ಡಿಲ್ಲದಿದ್ದರೆ ಹಳೆಯ ಲಗ್ನಪತ್ರಿಕೆ ಸಾಕು. ಮೊದಲ ಸುತ್ತಿನಲ್ಲಿ ಯಾವ ಮಾನದಂಡವನ್ನೂ ಹೇಳದೆ, ಪಕ್ಕದವರಿಗೆ ತೋರಿಸದಂತೆ ಹತ್ತಕ್ಕೆ ಅಂಕ ಬರೆಯಿಸಿ. ಒಂದೇ ಕಾರ್ಡಿಗೆ ಒಬ್ಬರು 9, ಮತ್ತೊಬ್ಬರು 5 ಕೊಟ್ಟಿರಬಹುದು. ಎರಡನೆಯ ಸುತ್ತಿನಲ್ಲಿ ನಾಲ್ಕು ಅಂಶಗಳ ಪಟ್ಟಿ, ಅಳತೆಪಟ್ಟಿ, ಭೂತಗನ್ನಡಿ ಕೊಟ್ಟು ಮತ್ತೆ ಬರೆಯಿಸಿ. ಎರಡು ಸುತ್ತಿನ ಅಂತರವನ್ನು ಕಪ್ಪುಹಲಗೆಯ ಮೇಲೆ ಹೋಲಿಸಿ. ಅಂತರ ಉಳಿದಿರುವ ಕಡೆ ‘ನೀನು ಏನು ನೋಡಿದೆ?’ ಎಂದು ಕೇಳಿ. ಪಾಠ ಮುಗಿದ ಮೇಲೆ ಕಾರ್ಡುಗಳನ್ನು ಅವರವರಿಗೇ ಮರಳಿಸಿ.

ನಮಗೆ ಇದರಲ್ಲೇನು?

ಕಾರ್ಡಿನ ದರ್ಜೆ ಕಾಗದದ ಸ್ಥಿತಿಯನ್ನು ಮಾತ್ರ ಹೇಳುತ್ತದೆ. ಅದರ ಮೇಲಿನ ಆಟಗಾರ ಹೇಗೆ ಆಡಿದ ಎಂಬುದನ್ನು ಹೇಳುವುದಿಲ್ಲ. ನೋಟ್‌ಬುಕ್ ತಿದ್ದುವಾಗ ನಾವು ಇವೆರಡನ್ನು ಬೆರೆಸುತ್ತೇವೆ. ಹತ್ತಿ ಬಿಡಿಸುವ ದಿನಗಳಲ್ಲಿ ಹೊಲಕ್ಕೂ ಶಾಲೆಗೂ ಓಡಾಡುವ ಮಗುವಿನ ನೋಟ್‌ಬುಕ್ಕಿನ ಮೂಲೆ ಮಡಚಿರುತ್ತದೆ, ಹಾಳೆಗೆ ಎಣ್ಣೆ ತಾಗಿರುತ್ತದೆ. ಲೆಕ್ಕ ಮಾತ್ರ ಸರಿಯಿರುತ್ತದೆ. ಕಣ್ಣಿಗೆ ಬಿದ್ದ ಕಲೆಗೆ ಅಂಕ ಕಳೆದು ‘ಸಾಧಾರಣ’ ಎಂದು ಬರೆದರೆ, ಮಗು ತನಗೆ ಲೆಕ್ಕ ಬಾರದೆಂದೇ ನಂಬುತ್ತದೆ.

ಅಚ್ಚುಕಟ್ಟುತನಕ್ಕೂ ಅಂಕವಿರಲಿ, ಆದರೆ ಬೇರೆ ಅಂಕಣದಲ್ಲಿರಲಿ. ವಿಧಾನ, ಉತ್ತರ, ವಿವರಣೆ, ಅಚ್ಚುಕಟ್ಟು ಎಂಬ ನಾಲ್ಕು ಅಂಕಣಗಳನ್ನು ಮಕ್ಕಳಿಗೆ ಮೊದಲೇ ತಿಳಿಸಿ, ಸಹಪ್ರಶಿಕ್ಷಣಾರ್ಥಿಯೊಬ್ಬರಿಂದಲೂ ಪ್ರತ್ಯೇಕವಾಗಿ ಅಂಕ ಹಾಕಿಸಿ ನೋಡಿ. ಕಾರ್ಡಿಗೆ ಸಲ್ಲುವಷ್ಟು ಎಚ್ಚರ ಮಗುವಿನ ಬರಹಕ್ಕೂ ಸಲ್ಲಬೇಕು.