ಬ್ರೇಕ್ ಪೈಪ್ ಬದಲಾವಣೆ: ನಟ್ ಕೂತರೆ ಸಾಲದು, ಬಾಯಿಯೂ ಹೊಂದಬೇಕು

ಉಪ್ಪುಗಾಳಿಯ ಕರಾವಳಿಯಲ್ಲಿ ಓಡುವ ಹಳೆಯ ಕಾರುಗಳ ತಳಭಾಗದಲ್ಲಿ ಬೇಗನೆ ತುಕ್ಕಿಗೆ ತುತ್ತಾಗುವವುಗಳಲ್ಲಿ ಉಕ್ಕಿನ ಬ್ರೇಕ್ ಪೈಪೂ ಒಂದು. ಅನೇಕ ಕಾರುಗಳಲ್ಲಿ ಇದರ ಹೊರವ್ಯಾಸ ಕೇವಲ 4.75 ಮಿ.ಮೀ. ಆದರೆ ಬ್ರೇಕನ್ನು ಬಲವಾಗಿ ಒತ್ತಿದಾಗ ಒಳಗಿನ ದ್ರವದ ಒತ್ತಡ 100 ಬಾರ್ ಮುಟ್ಟಬಲ್ಲದು. ಕಾರಿನ ಟಯರಿನಲ್ಲಿರುವುದು ಹೆಚ್ಚೆಂದರೆ ಎರಡು, ಎರಡೂವರೆ ಬಾರ್ ಎಂಬುದನ್ನು ನೆನೆದರೆ ಈ ಪುಟ್ಟ ಕೊಳವೆಯ ಹೊಣೆ ಅರ್ಥವಾಗುತ್ತದೆ.

ಈ ಒತ್ತಡವನ್ನು ತಡೆಯುವುದು ನಟ್‌ನ ಥ್ರೆಡ್ ಎಂಬ ಭಾವನೆ ವ್ಯಾಪಕವಾಗಿದೆ. ಅದು ಸರಿಯಲ್ಲ. ನಟ್ ಮಾಡುವುದು ಪೈಪಿನ ತುದಿಯನ್ನು ಒಳಗಿನ ಆಸನಕ್ಕೆ ಒತ್ತಿ ಹಿಡಿಯುವ ಕೆಲಸ ಮಾತ್ರ. ಸೋರಿಕೆ ನಿಲ್ಲುವುದು ಲೋಹಕ್ಕೆ ಲೋಹ ಒತ್ತಿದ ಆ ಜಾಗದಲ್ಲಿ. ಹೀಗಾಗಿ ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಸುತ್ತುವುದರಿಂದ ಪ್ರಯೋಜನವಿಲ್ಲ.

ಪೈಪಿನ ತುದಿಯನ್ನು ಅರಳಿಸಿ ರೂಪಿಸಿದ ಬಾಯಿಗೆ ಫ್ಲೇರ್ ಎಂದು ಹೆಸರು. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಡಬಲ್ ಫ್ಲೇರ್‌ನಲ್ಲಿ ಅಂಚನ್ನು ಒಳಕ್ಕೆ ಮಡಚಿ ಎರಡು ಪದರ ಮಾಡಲಾಗಿರುತ್ತದೆ. ಬಾಯಿ ಆಲಿಕೆಯಂತೆ ತೆರೆದಿರುತ್ತದೆ. ಬಬಲ್ ಫ್ಲೇರ್ ಅಣಬೆಯ ತಲೆಯಂತೆ ಹೊರಕ್ಕೆ ಉಬ್ಬಿರುತ್ತದೆ. ಸಾಮಾನ್ಯವಾಗಿ ಜಪಾನ್ ಮೂಲದ ಕಾರುಗಳಲ್ಲಿ ಮೊದಲನೆಯದು, ಯುರೋಪಿನ ಕಾರುಗಳಲ್ಲಿ ಎರಡನೆಯದು ಕಾಣಸಿಗುತ್ತದೆ.

ತೊಡಕು ಇರುವುದೇ ಇಲ್ಲಿ. ಎರಡೂ ಕಡೆ ಪೈಪಿನ ಗಾತ್ರ ಒಂದೇ, ಬಹುಪಾಲು ನಟ್ ಕೂಡ ಒಂದೇ: 10 ಮಿ.ಮೀ. ವ್ಯಾಸ, 1 ಮಿ.ಮೀ. ಅಂತರದ ಥ್ರೆಡ್. ಆದ್ದರಿಂದ ತಪ್ಪು ಬಾಯಿಯ ಪೈಪೂ ಸಲೀಸಾಗಿ ಒಳಹೊಕ್ಕು ಬಿಗಿಯಾಗುತ್ತದೆ. ಗ್ಯಾರೇಜಿನಲ್ಲಿ ಮೆಲ್ಲನೆ ಪೆಡಲ್ ಒತ್ತಿದಾಗ ಸೋರದೆಯೂ ಇರಬಹುದು. ಘಾಟಿಯ ಇಳಿಜಾರಿನಲ್ಲಿ ಕೈಕೊಡಬಹುದು. ಇನ್ನಷ್ಟು ಬಿಗಿದರೆ ಆಸನವೇ ಹಾಳಾಗಿ, ಮಾಸ್ಟರ್ ಸಿಲಿಂಡರ್ ಬದಲಿಸುವ ಖರ್ಚು ತಲೆಗೆ ಬಂದೀತು. ಟಾರ್ಚ್ ಹಿಡಿದು ರಂಧ್ರದೊಳಗೆ ಇಣುಕುವುದೇ ಉತ್ತಮ ಪರೀಕ್ಷೆ. ತಳದ ನಡುವೆ ಶಂಕುವಿನಂತೆ ಮೇಲೆದ್ದ ಭಾಗವಿದ್ದರೆ ಡಬಲ್ ಫ್ಲೇರ್; ತಳ ಬಟ್ಟಲಿನಂತೆ ತಗ್ಗಾಗಿದ್ದರೆ ಬಬಲ್.

ಹಳೆಯ ಬ್ರಿಟಿಷ್, ಅಮೆರಿಕನ್ ಕಾರುಗಳಲ್ಲಿ ಮತ್ತೊಂದು ಗೊಂದಲ. ಅವುಗಳ 3/8 ಇಂಚಿನ ನಟ್ 9.5 ಮಿ.ಮೀ. ಇದ್ದು, ಇಂಚಿಗೆ 24 ಥ್ರೆಡ್ ಹೊಂದಿರುತ್ತದೆ. ಅದು 10 ಮಿ.ಮೀ. ರಂಧ್ರದಲ್ಲಿ ಸಡಿಲವಾಗಿ ಕೂತು, ಬಿಗಿಯುವಾಗ ಥ್ರೆಡ್ಡನ್ನೇ ಕಿತ್ತುಹಾಕೀತು. ನಟ್ಟನ್ನು ಮೊದಲು ಬೆರಳಿನಿಂದಲೇ ತಿರುಗಿಸಬೇಕು. ಅಲುಗಾಡಿದರೆ ಅಥವಾ ಎರಡು ಸುತ್ತಿಗೇ ಸಿಕ್ಕಿಕೊಂಡರೆ ಅಲ್ಲಿಯೇ ನಿಲ್ಲಿಸುವುದು ಲೇಸು.

ಪೈಪನ್ನು ಕಟರ್‌ನಿಂದ ನೇರವಾಗಿ ಕತ್ತರಿಸಿ, ಒಳಅಂಚಿನ ಚೂರುಗಳನ್ನು ತೆಗೆದ ಮೇಲೆಯೇ ಬಾಯಿ ರೂಪಿಸಬೇಕು. ಅದಕ್ಕೂ ಮುನ್ನ ನಟ್ ಪೋಣಿಸಿರಬೇಕು. ಅನುಭವಿ ಮೆಕ್ಯಾನಿಕ್‌ಗಳೂ ಮರೆಯುವ ಸಂಗತಿಯಿದು! ಒಂದೇ ಪದರದ ಫ್ಲೇರ್ ಬಿರುಕು ಬಿಡುವ ಕಾರಣ ಬ್ರೇಕಿಗೆ ಸಲ್ಲದು. ಫ್ರಿಜ್ಜಿನ ತಾಮ್ರದ ಕೊಳವೆಯೂ ಸಲ್ಲದು. ತಾಮ್ರ-ನಿಕ್ಕಲ್ ಮಿಶ್ರಲೋಹದ ಪೈಪ್ ಮಾತ್ರ ಬೇರೆಯೇ ಮಾತು: ವೋಲ್ವೋ ಕಂಪನಿ 1970ರ ದಶಕದಿಂದಲೇ ಅದನ್ನು ಬಳಸಿದೆ. ಅದು ತುಕ್ಕು ಹಿಡಿಯದು, ಬಾಗಿಸಲೂ ಸುಲಭ.

ಜೋಡಣೆಯ ನಂತರ ಏರ್ ತೆಗೆದು, ಎಂಜಿನ್ ಚಾಲನೆಯಲ್ಲಿಟ್ಟು ಒಬ್ಬರು ಪೆಡಲನ್ನು ಬಲವಾಗಿ ಒತ್ತಿ ಹಿಡಿದಿರಬೇಕು. ಇನ್ನೊಬ್ಬರು ಪ್ರತಿ ಜೋಡಣೆಗೂ ಒಣ ಕಾಗದ ಸೋಕಿಸಿ ನೋಡಬೇಕು. ತೇವ ಕಂಡರೆ ಬಾಯಿಯನ್ನು ಹೊಸದಾಗಿಯೇ ಮಾಡಬೇಕಾಗುತ್ತದೆ.